ಸೈನಿಕನ ಊಟವೂ ಆದಾಯವೇ?

ನಿವೇಶನದ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನ ಮೇಜಿಗೆ ಬಂದಾಗ ನಾನಿನ್ನೂ ಪ್ರೊಬೇಷನ್ ಅವಧಿಯಲ್ಲಿದ್ದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಹಳ್ಳಿಗಳಲ್ಲಿ ಸ್ವಂತ ಮನೆಯಾಗಲಿ, ಮನೆ ಕಟ್ಟಲು ಜಾಗವಾಗಲಿ ಇಲ್ಲದ ಕುಟುಂಬಗಳಿಗೆ ಸರ್ಕಾರಿ ಜಮೀನಿನಲ್ಲಿ ನಿವೇಶನ ಹಂಚುವ ಯೋಜನೆಯೊಂದು ನಮ್ಮ ತಾಲ್ಲೂಕಿನಲ್ಲಿ ನಡೆಯುತ್ತಿತ್ತು. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದನ್ನು ಒಂದು ಸಮಿತಿ ತೀರ್ಮಾನಿಸುತ್ತಿತ್ತು. ನಮ್ಮ ಭಾಗದಿಂದ ಚುನಾಯಿತರಾಗಿದ್ದ ಜನಪ್ರತಿನಿಧಿಯೊಬ್ಬರು ಅದರ ಅಧ್ಯಕ್ಷರು. ಪ್ರತಿ ಅರ್ಜಿಗೂ ಒಂದು ಟಿಪ್ಪಣಿ ಸಿದ್ಧಪಡಿಸಿ ಸಮಿತಿಯ ಮುಂದಿಡುವುದು ನನ್ನ ಕರ್ತವ್ಯ. ಅದರಲ್ಲಿ ಕುಟುಂಬದ ವಾರ್ಷಿಕ ಆದಾಯವನ್ನು ತೋರಿಸಬೇಕಾಗಿತ್ತು. ಆದಾಯವು ನಿಗದಿತ ಮಿತಿಯನ್ನು ದಾಟಿದರೆ ಆ ಅರ್ಜಿ ಅಲ್ಲಿಗೇ ಮುಗಿಯಿತು.

ಕೂಲಿ ಮಾಡುವವರ, ಕಾಯಿ ಸುಲಿಯುವವರ, ನಾರು ಬಡಿಯುವವರ ಆದಾಯವನ್ನು ಗ್ರಾಮ ಲೆಕ್ಕಿಗರು ಅಂದಾಜು ಮಾಡಿ ಬರೆದು ಕಳುಹಿಸುತ್ತಿದ್ದರು. ಅದನ್ನು ನಾನು ನಕಲು ಮಾಡಿದರೆ ಸಾಕಿತ್ತು. ಆದರೆ ದಬ್ಬೇಘಟ್ಟದ ಕಡೆಯ ಹಳ್ಳಿಯೊಂದರಿಂದ ಬಂದ ಒಬ್ಬ ಹೆಣ್ಣುಮಗಳ ಅರ್ಜಿಯಲ್ಲಿ ಆ ಜಾಗ ಖಾಲಿಯಾಗಿತ್ತು. “ಗಂಡ ಮಿಲಿಟರಿಯಲ್ಲಿ. ಆದಾಯವನ್ನು ಕಚೇರಿಯಲ್ಲಿಯೇ ನಿರ್ಧರಿಸುವುದು” ಎಂದು ಬರೆದು ಗ್ರಾಮ ಲೆಕ್ಕಿಗರು ಕೈತೊಳೆದುಕೊಂಡಿದ್ದರು. ಆಕೆ ಇಬ್ಬರು ಹೆಣ್ಣುಮಕ್ಕಳೊಂದಿಗೆ ಗಂಡನ ಅಣ್ಣಂದಿರ ಕೊಟ್ಟಿಗೆಯ ಒಂದು ಪಕ್ಕದಲ್ಲಿ ವಾಸವಾಗಿದ್ದಳು. ಆ ಊರಿನಲ್ಲಿ ಹಂಚಲು ಉಳಿದಿದ್ದ ಜಾಗ ಬಹಳ ಸ್ವಲ್ಪ. ಈ ಸಲ ತಪ್ಪಿದರೆ ಆಕೆಗೆ ಮತ್ತೊಂದು ಸಲ ಎಂಬುದಿರಲಿಲ್ಲ.

ಅರ್ಜಿಯನ್ನು ಕಚೇರಿಯ ಮುಖ್ಯಸ್ಥರ ಬಳಿಗೆ ಒಯ್ದೆ. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು.

“ನೀನು ಡಿಗ್ರಿ ಮಾಡಿರೋನಲ್ವೇನಯ್ಯ? ಅವರ ಪಲ್ಟನ್ನಿಗೆ ಇಂಗ್ಲಿಷಲ್ಲಿ ಒಂದು ಕಾಗದ ಬರಿ. ಸಂಬಳದ ಸರ್ಟಿಫಿಕೇಟ್ ತರಿಸ್ಕೊ” ಎಂದರು.

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಆ ಕಾರಣದಿಂದಲೋ ಏನೋ, ಉಳಿದವರಿಗೆ ಇರುವ ತಪ್ಪು ಮಾಡುವ ಅವಕಾಶ ನನಗಿಲ್ಲವೆಂಬ ಭಾವನೆ ಆಗ ಬಲವಾಗಿತ್ತು. ಆ ಪುಟ್ಟ ಕಾಗದವನ್ನು ಮತ್ತೆ ಮತ್ತೆ ತಿದ್ದಿ ಬರೆದೆ. ಹಲವು ವಾರಗಳ ನಂತರ ಉತ್ತರ ಬಂತು. ಅದರ ಸಂಕ್ಷಿಪ್ತಾಕ್ಷರಗಳಲ್ಲಿ ಅರ್ಧದಷ್ಟು ನನಗೆ ತಿಳಿಯಲಿಲ್ಲ. ಅದನ್ನು ಹಿಡಿದುಕೊಂಡು ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ನಿವೃತ್ತ ಹವಾಲ್ದಾರರೊಬ್ಬರ ಬಳಿಗೆ ಹೋದೆ.

ಅವರು ಗ್ರೀಸ್ ಮೆತ್ತಿದ ಬೆರಳನ್ನು ಕಾಗದಕ್ಕೆ ತಾಗಿಸದೆ ಒಂದೊಂದೇ ಸಾಲನ್ನು ತೋರಿಸಿದರು. “ಇದು ಮೂಲ ಸಂಬಳ. ಇದು ನಡತೆ ಚೆನ್ನಾಗೈತೆ ಅಂತ ಕೊಡಾದು. ಇದು ಫಂಡಿಗೆ ಮುರ್ಕಳಾದು. ಇದು ತಿಂಗ್ಳು ತಿಂಗ್ಳು ಮನೆಗೆ ಮನಿಯಾರ್ಡರ್ ಬರಾದು.”

“ಕೆಳಗೆ ಊಟ ಮತ್ತು ಬಟ್ಟೆ ಉಚಿತ ಎಂದಿದೆಯಲ್ಲ, ಅದಕ್ಕೆ ಎಷ್ಟು ಬೆಲೆ ಕಟ್ಟಬೇಕು?” ಎಂದು ಕೇಳಿದೆ.

ಅವರು ನಕ್ಕರು. “ಬೆಲೆನಾ? ತಿಂದಿದ್ದನ್ನ ಹೊಟ್ಟೇಲಿಟ್ಕಂಡು ಊರಿಗೆ ತರಾಕಾಯ್ತದಾ ಸ್ವಾಮಿ? ಬೂಟು ಕಳ್ಕಂಡ್ರೆ ಸಂಬಳದಾಗೇ ಹಿಡೀತಾರೆ. ಬೆಲೆ ಕಟ್ಟೋದಾದ್ರೆ ಅದ್ನೂ ಬರ್ಕಳ್ಳಿ.”

ನಾನು ಅದನ್ನು ಬರೆದುಕೊಳ್ಳಲಿಲ್ಲ. ಕೈಗೆ ಬರುವ ಸಂಬಳವನ್ನಷ್ಟೇ ಟಿಪ್ಪಣಿಯಲ್ಲಿ ತೋರಿಸಿ, ಅದು ಮಿತಿಯೊಳಗಿದೆಯೆಂದು ಸಮಿತಿಯ ಮುಂದಿಟ್ಟೆ.

ಅಧ್ಯಕ್ಷರ ಬಗ್ಗೆ ಒಂದು ಮಾತು ಹೇಳಬೇಕು. ಅವರಿಗೆ ಸೈನಿಕರ ಮೇಲೆ ಅಸಡ್ಡೆಯಿತ್ತೆಂದು ಯಾರೂ ಭಾವಿಸಬಾರದು. ಯುದ್ಧದ ದಿನಗಳಲ್ಲಿ ತಮ್ಮ ತೋಟದಿಂದ ಗಾಡಿಗಟ್ಟಲೆ ಎಳನೀರು ಕೀಳಿಸಿ, ತಿಪಟೂರಿನ ರೈಲ್ವೆ ನಿಲ್ದಾಣಕ್ಕೆ ಸಾಗಿಸಿ, ಸೈನಿಕರಿದ್ದ ಬೋಗಿಗಳಿಗೆ ಸ್ವತಃ ಏರಿಸಿದವರು ಅವರು. ರೈಲು ಹೊರಟಾಗ ಅವರ ಕಣ್ಣಲ್ಲಿ ನೀರು ಬಂದಿತ್ತೆಂದು ಊರವರು ಹೇಳುತ್ತಿದ್ದರು. ತೆಂಗಿನ ತೋಟ, ಅಟ್ಟದ ತುಂಬ ಕೊಬ್ಬರಿ, ಹರಾಜಿನ ದಿನ ತಿಪಟೂರು, ಉಳಿದ ದಿನ ಜನರ ಅಹವಾಲು. ಅವರಿಗೆ ಗೊತ್ತಿದ್ದ ಲೋಕ ಇದು. ಗೊತ್ತಿಲ್ಲದ್ದನ್ನು ಈ ಲೋಕದ ಅಳತೆಯಿಂದಲೇ ಅಳೆಯುತ್ತಿದ್ದರು.

ಟಿಪ್ಪಣಿಯನ್ನು ನೋಡಿ ಅವರು ಕನ್ನಡಕ ಹಣೆಗೇರಿಸಿದರು. “ಏನಯ್ಯ, ಇದು ಅರ್ಧ ಲೆಕ್ಕ. ಊಟ ಎಲ್ಲಿ?”

“ಸರ್, ಊಟವನ್ನು ವಸ್ತುರೂಪದಲ್ಲಿ ನೀಡಲಾಗುವುದರಿಂದ…”

“ವಸ್ತುರೂಪ ಅಂತೆ! ಕೇಳಿಲ್ಲಿ. ನಮ್ ತೋಟದಾಗೆ ಸಂಬಳದಾಳು ಅವ್ನೆ. ದುಡ್ಡು ಎಷ್ಟು ಕೊಡ್ತೀನಿ ಅಂತ ಹೇಳಿದ್ರೆ ನೀನು ನಗ್ತೀಯ. ಆದ್ರೆ ಮೂರೊತ್ತಿನ ಮುದ್ದೆ, ಎರಡು ಜೊತೆ ಬಟ್ಟೆ, ಒಂದು ಕಂಬ್ಳಿ, ಮೆಟ್ಟು ಎಲ್ಲಾ ಸೇರ್ಸು. ಆಗ ಗೊತ್ತಾಯ್ತದೆ ಅವ್ನ ಸಂಬಳ. ಮಿಲಿಟ್ರಿಯೋನ್ದೂ ಅಂಗೇ ಕಣಯ್ಯ. ಉಣ್ಣಾದು ಉಡಾದು ಸರ್ಕಾರದ್ದು. ಕೈಗೆ ಬರೋದೆಲ್ಲಾ ಮಿಗ್ತಾಯ.”

ನಮ್ಮ ಸೀಮೆಯಲ್ಲಿ ಸಂಬಳದಾಳನ್ನು ಯುಗಾದಿಯಿಂದ ಯುಗಾದಿಗೆ ಗೊತ್ತುಮಾಡುತ್ತಾರೆ. ತೋಟದ ಯಜಮಾನರಿಬ್ಬರು ತಮ್ಮ ಆಳುಗಳ ಸಂಬಳವನ್ನು ಹೋಲಿಸುವಾಗ ನಗದಿನ ಜೊತೆಗೆ ಊಟ ಬಟ್ಟೆಗಳನ್ನೂ ಕೂಡಿಸಿಯೇ ಮಾತನಾಡುವುದು ರೂಢಿ. ಆದ್ದರಿಂದ ಅಧ್ಯಕ್ಷರ ಮಾತು ಸಮಿತಿಯಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ.

“ಅವ್ರಿಗೆ ರೈಲ್ ಚಾರ್ಜೂ ಇಲ್ಲ ಕಣ್ರೀ” ಎಂದರು ಒಬ್ಬ ಸದಸ್ಯರು.

“ಬಾಟ್ಲಿನೂ ಅಗ್ಗವಂತೆ” ಎಂದರು ಇನ್ನೊಬ್ಬರು.

ಎಲ್ಲರೂ ನಕ್ಕರು. “ಬಾಟ್ಲಿ ಸೇರ್ಸ್‌ಬ್ಯಾಡ ಬುಡು, ಚಳೀಲಿ ಕಾಯ್ತಾರೆ ಪಾಪ” ಎಂದು ಅಧ್ಯಕ್ಷರೂ ನಕ್ಕು, ನನ್ನ ಕಡೆ ತಿರುಗಿದರು. “ಮಿಕ್ಕಿದ್ದೆಲ್ಲಾ ಸೇರ್ಸಿ ಒಟ್ಟು ಮಾಡ್ಕಂಬಾ. ಜಾಗ ನೋಡ್ಕಂಡೂ ಬಾ. ಮುಂದಿನ ಮೀಟಿಂಗಿಗೆ ಇಡು.”

ಊಟಕ್ಕೆ ಬೆಲೆ ಕಟ್ಟುವ ಕೆಲಸವನ್ನು ನಾನು ಶ್ರದ್ಧೆಯಿಂದಲೇ ಮಾಡಿದೆ. ಹವಾಲ್ದಾರರಿಂದ ಸೈನಿಕನ ದಿನದ ಪಡಿತರದ ವಿವರ ಪಡೆದೆ. ಅಕ್ಕಿ, ಹಿಟ್ಟು, ಬೇಳೆ, ಹಾಲು, ಸಕ್ಕರೆ, ಎಣ್ಣೆ, ಮಾಂಸ. ನಮ್ಮ ಪೇಟೆಯ ದರದಲ್ಲಿ ಪ್ರತಿಯೊಂದಕ್ಕೂ ಬೆಲೆ ಹಾಕಿದೆ. ಸಮವಸ್ತ್ರ, ಬೂಟು, ಕಂಬಳಿಗಳಿಗೂ ಹಾಕಿದೆ. ಪೆನ್ಸಿಲಿನಲ್ಲಿ ಕೂಡಿಸಿ ನೋಡಿದಾಗ ಮೊತ್ತ ಮಿತಿಯನ್ನು ಸ್ವಲ್ಪವೇ ದಾಟಿತು. ಆತನ ಮೂಲ ಸಂಬಳ ನನ್ನದಕ್ಕಿಂತ ಹೆಚ್ಚೇನೂ ಇರಲಿಲ್ಲವೆಂಬುದು ಆಗ ಕಣ್ಣಿಗೆ ಬಿತ್ತು. ನಾನು ಫ್ಯಾನಿನ ಕೆಳಗೆ ಕುಳಿತು ಸಂಪಾದಿಸುತ್ತಿದ್ದುದನ್ನು ಆತ ಎಲ್ಲಿ ನಿಂತು ಸಂಪಾದಿಸುತ್ತಿದ್ದನೋ ನನಗೆ ತಿಳಿಯದು. ನಾನು ಕುಳಿತಿದ್ದ ಕುರ್ಚಿಗೆ ಬಾಡಿಗೆ ಹಾಕಿ ನನ್ನ ಆದಾಯಕ್ಕೆ ಕೂಡಿಸಿದವರು ಯಾರೂ ಇರಲಿಲ್ಲ.

ಸ್ಥಳ ತನಿಖೆಗೆ ಬೆಳಗಿನ ಬಸ್ಸಿನಲ್ಲಿ ಹೋದೆ. ದಬ್ಬೇಘಟ್ಟದಲ್ಲಿ ಇಳಿದು, ತೋಟಗಳ ನಡುವಿನ ಗಾಡಿ ಜಾಡಿನಲ್ಲಿ ನಡೆದು ಆ ಊರನ್ನು ಸೇರಿದೆ. ಕೊಟ್ಟಿಗೆಯ ಮುಂದೆ ಆಕೆ ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಳು.

“ಬನ್ನಿ ಸ್ವಾಮಿ. ಕೂತ್ಕಳಿ ಅನ್ನಾಕೆ ಜಾಗ ಇಲ್ಲ. ಆ ಪಕ್ಕ ಎಮ್ಮೆ, ಈ ಪಕ್ಕ ನಾವು. ಎಮ್ಮೇದೇ ವಾಸಿ, ಅದ್ಕೆ ಗೋಡೆ ಐತೆ.”

ಆಕೆಯ ಪಾಲಿಗೆ ಇದ್ದದ್ದು ಮೂರು ಕಡೆ ಗರಿಯ ತಟ್ಟಿ, ಒಂದು ಒಲೆ, ಒಂದು ಕಬ್ಬಿಣದ ಟ್ರಂಕು. ಟ್ರಂಕಿನ ಮೇಲೆ ಗಂಡನ ಹೆಸರನ್ನೂ ಸಂಖ್ಯೆಯನ್ನೂ ಬಿಳಿಯ ಬಣ್ಣದಲ್ಲಿ ಬರೆದಿತ್ತು. ನಾನು ಅಳತೆ ಬರೆದುಕೊಳ್ಳುತ್ತ ಕೇಳಿದೆ: “ತೋಟ ಭಾಗವಾದಾಗ ನಿಮ್ಮ ಯಜಮಾನರ ಪಾಲಿಗೆ ಮರಗಳು ಬರಲಿಲ್ಲವೇ?”

“ಪಾಲಾದ್ ದಿನ ಅವ್ರು ಇಲ್ಲಿದ್ರೆ ತಾನೇ? ಎಲ್ಲೋ ಹಿಮದ್ ಬೆಟ್ಟದ್ ಮ್ಯಾಲಿದ್ರು. ‘ಅವ್ನಿಗೇನು, ಸರ್ಕಾರ ಉಣ್ಣಾಕಿಕ್ತದೆ, ಮರ ಕಟ್ಕಂಡು ಏನ್ ಮಾಡ್ತಾನೆ’ ಅಂದ್ರು ನಮ್ ಭಾವ. ಪಂಚಾಯ್ತಿಗೆ ಕೂತಿದ್ದೋರೂ ಹೌದೌದು ಅಂದ್ರು. ಅವ್ರು ಅಲ್ಲುಂಡ್ರೆ ಇಲ್ಲಿ ನನ್ ಮಕ್ಳು ತೇಗ್ತಾವಾ ಸ್ವಾಮಿ?”

ನಾನು ಅಳತೆಯ ಪಟ್ಟಿಗೆ ಮತ್ತೊಂದು ಸಾಲು ಸೇರಿಸಿದೆ. ಉತ್ತರಿಸುವುದು ತನಿಖೆಯ ಕ್ರಮವಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಆಕೆ ಕೈಯಲ್ಲಿದ್ದ ಕುಡುಗೋಲನ್ನು ಪಕ್ಕದ ತೋಟದ ಕಡೆ ಚಾಚಿದಳು. ಬೇಲಿಯ ಮೂಲೆಯಲ್ಲಿ ಹೊಸ ಗರಿ ಹೊದಿಸಿದ ಒಂದು ಗುಡಿಸಲು. ಅದರ ಮುಂದೆ ಹೆಂಗಸೊಬ್ಬಳು ಪಾತ್ರೆ ಉಜ್ಜುತ್ತಿದ್ದಳು.

“ಅವ್ಳು ಆ ತೋಟದ್ ಸಂಬಳದಾಳಿನ ಹೆಂಡ್ತಿ. ಅವ್ಳ್ ಗಂಡನ ಯಜಮಾನ್ರು ಗರಿ ಕೊಟ್ಟು ಗುಡ್ಲು ಹಾಕ್ಸವ್ರೆ. ನನ್ ಗಂಡನ ಯಜಮಾನ ಡೆಲ್ಲೀಲವ್ನೆ. ಅವ್ನಿಗೆ ಗರಿ ಎಲ್ಲಿ ಸಿಕ್ಬೇಕು?” ಎಂದು ಜೋರಾಗಿ ನಕ್ಕಳು. ನಗು ಮುಗಿದ ಮೇಲೆ, “ಸೈಟು ಆಯ್ತದಾ ಸ್ವಾಮಿ?” ಎಂದಳು.

“ಸಮಿತಿಯ ತೀರ್ಮಾನಕ್ಕೆ ಬಿಟ್ಟದ್ದು” ಎಂದೆ. ಅದು ಸರಿಯಾದ ಉತ್ತರ. ಆ ಉತ್ತರ ಕೇಳಿ ಆಕೆ ಮತ್ತೆ ಕಡ್ಡಿ ಸೀಳತೊಡಗಿದಳು.

ಹಿಂದಿರುಗುವ ಬಸ್ಸಿನಲ್ಲಿ ಆ ಗುಡಿಸಲು ನನ್ನ ಕಣ್ಣಿನಿಂದ ಹೋಗಲಿಲ್ಲ. ಅಂಥದ್ದೊಂದರಲ್ಲಿ ನಾನು ಹುಟ್ಟಿದ್ದೆ. ನನ್ನ ತಂದೆ ಬಿಳಿಗೆರೆಯ ತೋಟವೊಂದರಲ್ಲಿ, ಮಂಡಿ ಸೋಲುವ ತನಕ, ಸಂಬಳದಾಳಾಗಿದ್ದರು. ಕಚೇರಿಯಲ್ಲಿ ಯಾರಾದರೂ ವಿಚಾರಿಸಿದರೆ “ನಮ್ಮದು ಕೃಷಿಕ ಕುಟುಂಬ” ಎನ್ನುತ್ತಿದ್ದೆ. ಅದು ಸುಳ್ಳೂ ಅಲ್ಲ. ಸಂಬಳದಾಳಿನ ಲೆಕ್ಕದಲ್ಲಿ ಏನೇನು ಸೇರುತ್ತದೆಂಬುದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಧ್ಯಕ್ಷರು ಆ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿದ್ದರು. ಆಳಿನ ಊಟವನ್ನು ಕೂಡಿಸಿದ್ದರು. ಆಳಿನ ಹೆಂಡತಿ ಮಕ್ಕಳು ಯಜಮಾನನ ಜಾಗದಲ್ಲಿ, ಯಜಮಾನನು ಕೊಟ್ಟ ಸೂರಿನಡಿಯಲ್ಲಿ ಇರುತ್ತಾರೆಂಬುದನ್ನು ಬಿಟ್ಟಿದ್ದರು.

ಆದರೆ ಅದನ್ನು ಬರೆಯುವುದು ಹೇಗೆ? ಒಟ್ಟು ಮಾಡಿಕೊಂಡು ಬಾ ಎಂಬುದು ನನಗಿದ್ದ ಆದೇಶ. ಮೊತ್ತ ನನ್ನ ಬಳಿ ಸಿದ್ಧವಾಗಿಯೇ ಇತ್ತು. ಅದನ್ನು ಶಾಯಿಯಲ್ಲಿ ಬರೆದರೆ ನನ್ನ ಮೇಲೆ ಯಾವ ದೋಷವೂ ಬರುವುದಿಲ್ಲ. ಎರಡು ದಿನ ಕಡತವನ್ನು ಮುಟ್ಟಲಿಲ್ಲ. ಕಡೆಗೆ ಕೈಗೆ ಬರುವ ಸಂಬಳವನ್ನು ಒಂದು ಕಡೆ, ವಸ್ತುರೂಪದ ಸೌಲಭ್ಯಗಳ ಬೆಲೆಯನ್ನು ಇನ್ನೊಂದು ಕಡೆ ಬರೆದು, ಎರಡನ್ನೂ ಕೂಡಿಸದೆ, ಕೆಳಗೆ ಈ ಷರಾ ಸೇರಿಸಿದೆ: “ಸಂಬಳದಾಳಿನ ಪದ್ಧತಿಯನ್ನು ಆಧಾರವಾಗಿಟ್ಟುಕೊಳ್ಳುವುದಾದಲ್ಲಿ, ಆಳಿನ ಕುಟುಂಬಕ್ಕೆ ಯಜಮಾನನು ಒದಗಿಸುವ ಸೂರನ್ನೂ ಪರಿಗಣಿಸಬೇಕಾಗುತ್ತದೆ. ಅರ್ಜಿದಾರರಿಗೆ ಅಂತಹ ಸೂರು ಇರುವುದಿಲ್ಲ.”

ಸಾಹೇಬರು ಓದಿ ನನ್ನ ಮುಖ ನೋಡಿದರು. “ಇನ್ನೂ ಪ್ರೊಬೇಷನ್ನು ಕಣಯ್ಯ ನಿಂದು. ಒಟ್ಟು ಹಾಕು ಅಂದ್ರೆ ನ್ಯಾಯ ಹೇಳಕ್ಕೆ ಹೋಗಿದ್ದೀಯ.”

“ಬದಲಾಯಿಸಬೇಕೇ ಸರ್?”

ಅವರು ಪೆನ್ನಿನ ಮುಚ್ಚಳ ತೆಗೆದರು. “ನಾನು ‘ಸಮಿತಿಯ ಪರಿಶೀಲನೆಗೆ’ ಅಂತ ಮಾತ್ರ ಬರೀತೀನಿ. ಅಧ್ಯಕ್ಷರು ಕೇಳಿದ್ರೆ ನಿಂತ್ಕೊಂಡು ಉತ್ತರ ಹೇಳೋನು ನೀನೇ” ಎಂದು ಸಹಿ ಹಾಕಿದರು.

ಸಭೆಯ ದಿನ ಕಡತವನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲಿ ನಿಂತೆ. ಅಧ್ಯಕ್ಷರು ಟಿಪ್ಪಣಿಯ ಮೇಲೆ ಬೆರಳಾಡಿಸಿದರು. “ಒಟ್ಟು ಎಲ್ಲಯ್ಯ?”

“ಸರ್, ಒಟ್ಟು ಮಾಡುವುದಕ್ಕೆ ನಿಯಮಾವಳಿಯಲ್ಲಿ ಆಧಾರ ದೊರೆಯಲಿಲ್ಲ. ಆದಾಗ್ಯೂ…”

“ಆದಾಗ್ಯೂ ಗೀದಾಗ್ಯೂ ಬುಡು. ಕನ್ನಡದಾಗೆ ಹೇಳು.”

ಸದಸ್ಯರು ನಕ್ಕರು. ಅಧ್ಯಕ್ಷರು ಷರಾವನ್ನು ಗಟ್ಟಿಯಾಗಿ ಓದಿದರು. ಓದಿದಂತೆ ಅವರ ಹುಬ್ಬು ಗಂಟಿಕ್ಕಿತು. “ಆಳಿನ ಗುಡ್ಲಿನ ಲೆಕ್ಕ ನಿಂಗ್ಯಾರು ಹೇಳ್ಕೊಟ್ರು? ಕಾಲೇಜಲ್ಲಿ ಪಾಠ ಮಾಡಿದ್ರಾ?”

ಸಿದ್ಧಪಡಿಸಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ.

“ನಮ್ಮಪ್ಪ ಬಿಳಿಗೆರೇಲಿ ಸಂಬಳದಾಳಾಗಿದ್ರು ಸರ್. ನಾನು ಹುಟ್ಟಿದ್ದು ಯಜಮಾನ್ರು ಹಾಕ್ಕೊಟ್ಟ ಗುಡ್ಲಲ್ಲೇ. ಸಾಯಂಕಾಲ ನಮ್ಮಮ್ಮ ಅವ್ರ ಮನೆಯಿಂದ ಮುದ್ದೆ, ಮಜ್ಜಿಗೆ ತರ್ತಿದ್ಲು. ಅಪ್ಪನ ಊಟದ ಜೊತೆ ನಮ್ ಊಟಾನೂ ಆ ಲೆಕ್ಕದಲ್ಲೇ ಇತ್ತು. ಈಯಮ್ಮಂಗೆ ಅದಿಲ್ಲ ಸರ್. ಗಂಡನ ತಟ್ಟೆ ಬೇರೆ ಕಡೆ ಐತೆ.”

ಕಚೇರಿಯಲ್ಲಿ ನಾನು ಆ ಬಗೆಯ ಭಾಷೆಯನ್ನು ಅದುವರೆಗೆ ಆಡಿರಲಿಲ್ಲ. ಸಾಹೇಬರು ಕಿಟಕಿಯ ಕಡೆ ನೋಡುತ್ತಿದ್ದರು. ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ: “ಬಿಳಿಗೆರೇಲಿ ಯಾರ ತೋಟ?”

ಹೇಳಿದೆ.

“ಗೊತ್ತು. ಒಳ್ಳೆ ಕೈ ಅವ್ರದ್ದು” ಎಂದು ತಲೆಯಾಡಿಸಿ ಸದಸ್ಯರ ಕಡೆ ತಿರುಗಿದರು. “ಈ ಹುಡ್ಗ ಹೇಳೋದು ಸರಿ ಕಣ್ರೀ. ಆಳು ಅಂದ್ಮೇಲೆ ಗುಡ್ಲು ಹಾಕ್ಕೊಡ್ಬೇಕು. ಸರ್ಕಾರ ಹಾಕ್ಕೊಟ್ಟಿಲ್ಲ. ಯಜಮಾನಂದೇ ಬಾಕಿ ಅಂದಂಗಾಯ್ತು. ಸೈಟು ಕೊಡ್ರಿ.”

ಹೀಗೆ ನಿವೇಶನ ಮಂಜೂರಾಯಿತು. ಕಾರಣವನ್ನು ನಾನು ಷರಾದಲ್ಲಿ ಬರೆದಂತೆಯೇ ನಡಾವಳಿಗೆ ಸೇರಿಸಿದರು. ಆ ಸಂಜೆ ಮನೆಗೆ ನಡೆಯುವಾಗ ನನಗೆ ಹಗುರಾದಂತಿತ್ತು. ಜೊತೆಗೆ ಒಂದು ಕಸಿವಿಸಿಯೂ ಇತ್ತು. ಸೈನಿಕನ ಸಂಬಳವೆಂದರೆ ಏನೆಂಬುದು ಸಮಿತಿಗೆ ಅರ್ಥವಾಗಿತ್ತೆಂದು ನಾನು ಹೇಳಲಾರೆ. ಅವರಿಗೆ ಅರ್ಥವಾದದ್ದು ಆಳಿನ ಗುಡಿಸಲು. ದೂರದಲ್ಲಿ ಕುಳಿತು ಇಡೀ ಸೇನೆಯ ಸಂಬಳವನ್ನು ನಿರ್ಧರಿಸುವ ಪ್ರತಿನಿಧಿಗಳೂ ಬಹುಶಃ ಹೀಗೆಯೇ, ತಾವು ಕಂಡ ಯಾವುದೋ ತೋಟವನ್ನು, ಗಿರಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಳೆಯುತ್ತಿರಬಹುದೆಂದು ಆಗ ಅನ್ನಿಸಿತ್ತು. ಅವರು ಕೆಟ್ಟವರೆಂದಲ್ಲ. ಅಳತೆಗೋಲು ಬೇರೊಂದು ಊರಿನದು.

ಹಕ್ಕುಪತ್ರ ವಿತರಣೆ ದಬ್ಬೇಘಟ್ಟದ ಶಾಲೆಯ ಅಂಗಳದಲ್ಲಿ ನಡೆಯಿತು. ಆ ವೇಳೆಗೆ ಸೈನಿಕನು ರಜೆಯ ಮೇಲೆ ಊರಿಗೆ ಬಂದಿದ್ದ. ಸಮವಸ್ತ್ರದಲ್ಲಿರಲಿಲ್ಲ, ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಹಕ್ಕುಪತ್ರದೊಂದಿಗೆ ನಡಾವಳಿಯ ಪ್ರತಿಯನ್ನೂ ಲಗತ್ತಿಸಿದ್ದೆ. ಹೆಂಡತಿ ಅದನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವ ಮೊದಲೇ ಆತ ತೆಗೆದುಕೊಂಡು, ಬೇವಿನ ಮರದ ಕೆಳಗೆ ನಿಂತು ಆದಿಯಿಂದ ಅಂತ್ಯದವರೆಗೆ ಓದಿದ. ನಂತರ ನೇರವಾಗಿ ಅಧ್ಯಕ್ಷರು ಕುಳಿತಿದ್ದಲ್ಲಿಗೆ ಬಂದ. ಹೆಂಡತಿ ಅಂಗಿ ಎಳೆಯುತ್ತಿದ್ದಳು: “ಸುಮ್ಕಿರ್ರೀ, ಕೊಟ್ಟಿರಾದನ್ನ ಕಿತ್ಕಂಡಾರು.”

“ಸ್ವಾಮಿ, ಒಂದ್ ಮಾತು” ಎಂದ ಆತ.

ಅಧ್ಯಕ್ಷರು ಕಾಗದ ನೋಡಿದರು, ಅವನನ್ನು ನೋಡಿದರು. “ಆಳು ಅಂತ ಬರ್ದಿದ್ಕೆ ಬೇಜಾರೇನಪ್ಪ?”

ಅದನ್ನು ಬರೆದವನು ನಾನು.

“ಆಳು ಅಂದಿದ್ಕೆ ಬೇಜಾರಿಲ್ಲ. ಅವ್ರೂ ದುಡ್ಕಂಡೇ ತಿನ್ನಾದು. ಆದ್ರೆ ನಿಮ್ಮಾಳು ಯುಗಾದಿಗೆ ‘ನಂಗೊಗ್ಗಲ್ಲ’ ಅಂತ ಕಂಬ್ಳಿ ಹೆಗಲಿಗಾಕ್ಕಂಡು ಹೋಗ್ಬೋದು ಸ್ವಾಮಿ. ನಾನು ಅಂಗೆ ಬಂದ್ರೆ ಪೊಲೀಸ್ನೋರು ಹಿಡ್ದು ವಾಪಸ್ ಕಳಿಸ್ತಾರೆ. ಅಲ್ಲಿ ಜೈಲು. ಇದ್ರಾಗೆ ಒಂದು ವರ್ಷದೊಳ್ಗೆ ಮನೆ ಕಟ್ದಿದ್ರೆ ಸೈಟು ವಾಪಸ್ ಅಂತ ಐತೆ. ನನ್ ರಜಾ ಮುಂದಿನ ವಾರ ಮುಗೀತದೆ. ಮತ್ತೆ ಯಾವಾಗ ಬಿಡ್ತಾರೆ ಅಂತ ನಾನ್ ಹೇಳಂಗಿಲ್ಲ. ಕಟ್ಟಾದು ಹೆಂಗೆ?”

ಅಧ್ಯಕ್ಷರ ಮುಖ ಮೊದಲು ಬಿಗಿಯಿತು. “ಸೈಟೂ ಕೊಟ್ಟು ನಿನ್ ಷರತ್ತೂ ಕೇಳ್ಬೇಕಾ?” ಎಂದರು. ಆಮೇಲೆ ಏನೋ ತೋಚಿದವರಂತೆ, ಸ್ವರ ತಗ್ಗಿಸಿ ಕೇಳಿದರು. “ಮನೇಲಿ ಏನಾರ ಹೆಚ್ಚುಕಮ್ಮಿ ಆದ್ರೆ? ಅಪ್ಪನೋ ಅಮ್ಮನೋ ಹೋಗ್ಬುಟ್ರೆ? ಆಗ್ಲೂ ಬರಂಗಿಲ್ವಾ?”

“ತಂತಿ ಬತ್ತದೆ. ಕೇಳ್ತೀವಿ. ಬಿಟ್ರೆ ಬರಾದು.”

“ಬುಡ್ದಿದ್ರೆ?”

“ನಮ್ಮಮ್ಮ ಹೋದಾಗ ರಸ್ತೆ ಹಿಮದಾಗೆ ಮುಚ್ಚೋಗಿತ್ತು. ಬಂದಿದ್ದು ತಿಥಿ ಎಲ್ಲಾ ಕಳೆದ್ಮೇಲೆ.”

ಆತ ಇದನ್ನು ದೂರಿನಂತೆ ಹೇಳಲಿಲ್ಲ. ಬಸ್ಸಿನ ವೇಳೆ ಹೇಳುವವರಂತೆ ಹೇಳಿದ. ಅಧ್ಯಕ್ಷರು ಮೇಜಿನ ಮೇಲಿದ್ದ ಹೂವಿನ ಹಾರವನ್ನು ಪಕ್ಕಕ್ಕೆ ಸರಿಸಿದರು. ತಮ್ಮ ತಾಯಿಯ ಬಾಯಿಗೆ ನೀರು ಬಿಟ್ಟವರು ತಾವೇ ಎಂದು ಅವರು ಹಿಂದೊಮ್ಮೆ ಸಭೆಯಲ್ಲಿ ಹೇಳಿದ್ದನ್ನು ನಾನು ಕೇಳಿದ್ದೆ.

“ಎಳ್ನೀರು ಕೊಟ್ಟು ಕಳಿಸಿದ್ದೆ ಕಣಪ್ಪ, ನಿಮ್ಮಂಥೋರ್ನ. ಇದೆಲ್ಲಾ ಕೇಳ್ಳೇ ಇಲ್ಲ” ಎಂದರು. ನಂತರ ಸಾಹೇಬರ ಕಡೆ ತಿರುಗಿ, “ಒಂದು ವರ್ಷ ಅನ್ನಾದನ್ನ ಮುಂದಕ್ಕಾಕಾಕೆ ನಮಗೆ ಅಧಿಕಾರ ಐತೇನ್ರೀ?” ಎಂದು ಕೇಳಿದರು.

“ಕಾರಣ ದಾಖಲಿಸಿದ್ರೆ ಇದೆ ಸರ್.”

“ಆ ಆಳಿನ ಸಾಲು ತೆಗೀಬೋದಾ?”

“ಅಂಗೀಕಾರ ಆಗಿದೆ ಸರ್. ತೆಗೆಯಕ್ಕೆ ಬರಲ್ಲ. ಹೊಸ ಠರಾವು ಮಾಡ್ಬಹುದು.”

“ಮಾಡಿ. ಬರ್ಕಳಯ್ಯ” ಎಂದು ನನಗೆ ಹೇಳಿದರು. ನಾನು ಶಾಲೆಯ ಬೆಂಚಿನ ಮೇಲೆ ಕಾಗದವಿಟ್ಟು, “ಅರ್ಜಿದಾರರ ಪತಿಯು ಊರಿನಲ್ಲಿ ಇರುವುದಿಲ್ಲವಾದ ಕಾರಣ” ಎಂದು ಆರಂಭಿಸಿದೆ. ಅವರು ತಡೆದರು. “ಊರಲ್ಲಿಲ್ಲ ಅಂದ್ರೆ ಬೊಂಬಾಯಲ್ಲಿ ಹೋಟ್ಲು ಮಡಗಿರೋನೂ ಇಲ್ಲ. ಇವ್ನು ಬರಾಕೆ ಇಷ್ಟ ಇದ್ರೂ ಬರಂಗಿಲ್ಲ. ಅದ್ನ ಬರಿ.”

“ಸೇವೆಯನ್ನು ಸ್ವಇಚ್ಛೆಯಿಂದ ಬಿಟ್ಟು ಬರಲು ಪತಿಯು ಸ್ವತಂತ್ರರಲ್ಲವಾದ ಕಾರಣ, ಮನೆ ಕಟ್ಟುವ ಅವಧಿಯನ್ನು ವಿಸ್ತರಿಸಿದೆ” ಎಂದು ಬರೆದು ಓದಿದೆ.

“ಉದ್ದಾಯ್ತು. ಇರ್ಲಿ, ಸರಿಯಾಗೈತೆ” ಎಂದರು.

ರಜೆಯ ಕೊನೆಯ ದಿನಗಳಲ್ಲಿ ಸೈನಿಕ ನಿವೇಶನಕ್ಕೆ ನಾರಿನ ಹುರಿ ಹಿಡಿದು ತಳಪಾಯದ ಗುರುತು ಹಾಕಿ ಹೋದ. ಉಳಿದದ್ದನ್ನು ಹೆಂಡತಿ ಮಾಡಿಸಿದಳು. ಮಣ್ಣಿನ ಇಟ್ಟಿಗೆಯ ಗೋಡೆ, ನಾಡಹೆಂಚು. ಭಾವಂದಿರೊಡನೆ ಜಗಳವಾಡಿ, ಫಲ ನಿಂತ ಒಂದು ಮರವನ್ನು ಕಡಿಸಿ ತೊಲೆಗೆ ತಂದಳಂತೆ. ಮನೆ ಮುಗಿದಿದೆಯೆಂದು ಗ್ರಾಮ ಲೆಕ್ಕಿಗರ ವರದಿ ಬಂದ ಮೇಲೆ ಅಂತಿಮ ತನಿಖೆಗೆ ನಾನು ಹೋದೆ. ಗೋಡೆಗೆ ಸುಣ್ಣ ಬಳಿದಿತ್ತು. ಬಾಗಿಲಿಗೆ ಬೀಗ ಹಾಕಿತ್ತು. ಆಕೆ ಹಿಂದಿನಂತೆಯೇ ಕೊಟ್ಟಿಗೆಯ ಮುಂದೆ ಕುಳಿತಿದ್ದಳು.

“ಮನೆ ಪೂರ್ತಿಯಾಗಿದೆಯಲ್ಲಮ್ಮ. ಇನ್ನೂ ಇಲ್ಲೇ ಏಕಿದ್ದೀರಿ?”

“ಒಬ್ಳೇ ಹಾಲುಕ್ಕಿಸಿ ಒಕ್ಕಲು ಹೋಗಾದು ಹೆಂಗೆ ಸ್ವಾಮಿ? ಜೋಡಿ ಕೂತ್ಕಂಡು ಮಾಡ್ಬೇಕಲ್ಲ. ಬತ್ತೀನಿ ಅಂತ ಕಾಗ್ದ ಹಾಕಿದ್ರು. ಆಮ್ಯಾಲೆ ರಜಾ ರದ್ದಾಯ್ತು ಅಂತ ಇನ್ನೊಂದು ಬಂತು. ಬಂದಾಗ ಹೋಯ್ತೀವಿ. ಇಷ್ಟ್ ದಿನ ಎಮ್ಮೆ ಜೊತೆ ಇದ್ದಿದ್ದಾಯ್ತಲ್ಲ.”

ತನಿಖಾ ನಮೂನೆಯಲ್ಲಿ ‘ಫಲಾನುಭವಿಯು ವಾಸವಿದ್ದಾರೆಯೇ’ ಎಂಬ ಪ್ರಶ್ನೆಯಿತ್ತು. ‘ಇಲ್ಲ’ ಎಂದು ಬರೆದರೆ ಸಮಿತಿ ಕಾರಣ ಕೇಳಬಹುದು. ‘ಹೌದು’ ಎಂದು ಬರೆಯಲು ನನ್ನ ಕೈ ಬರಲಿಲ್ಲ. “ಇಲ್ಲ. ಗೃಹಪ್ರವೇಶಕ್ಕೆ ಪತಿಯ ರಜೆಯನ್ನು ಕಾಯಲಾಗುತ್ತಿದೆ” ಎಂದು ಬರೆದು ಕಡತವನ್ನು ಅಧ್ಯಕ್ಷರ ಮುಂದಿಟ್ಟೆ. ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ನಿಂತಿದ್ದೆ.

ಅವರು ಆ ಸಾಲನ್ನು ಓದಿದರು. “ರಜಾ ಯಾವಾಗಂತೆ?”

“ಆಕೆಗೆ ಗೊತ್ತಿಲ್ಲವಂತೆ ಸರ್.”

“ಅವ್ನಿಗೂ ಗೊತ್ತಿರಾಕಿಲ್ಲ ಬುಡು” ಎಂದು ಸಹಿ ಮಾಡಿ, ಮುಂದಿನ ಕಡತಕ್ಕೆ ಕೈ ಚಾಚಿದರು.